ಫೋನು ನಮ್ಮದು, ಬೀಗದ ಕೀ ಯಾರದು?

ಹೋದ ಭಾನುವಾರ ಅಕ್ಕನ ಮಗ ಮಣಿಪಾಲದಿಂದ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಚಹಾ ಬರುವ ಮೊದಲೇ ಫೋನು, ಕೇಬಲ್ ಎರಡನ್ನೂ ಮೇಜಿನ ಮೇಲೆ ಇಟ್ಟ.

"ಮಾವ, ಇದನ್ನೊಂದು ರೂಟ್ ಮಾಡಿ ಕೊಡಿ."

"ಎಂತಕ್ಕೆ?"

"ಬೇಡದ ಆ್ಯಪ್ ತುಂಬ ಉಂಟು, ಡಿಲೀಟೇ ಆಗುವುದಿಲ್ಲ. ಎಲ್ಲಿ ನೋಡಿದ್ರೂ ಜಾಹೀರಾತು. ರೂಟ್ ಮಾಡಿದ್ರೆ ಸರಿಯಾಗ್ತದಂತೆ."

"ಬ್ಯಾಂಕಿನದ್ದು, ಯುಪಿಐ ಎಲ್ಲ ಇದರಲ್ಲೇ ಉಂಟಾ?"

"ಹೌದು. ನನ್ನ ಹತ್ರ ಇರುವುದು ಇದೊಂದೇ ಅಲ್ವಾ."

ಆ ಮಾತು ಕೇಳಿದ ಮೇಲೆ ನಾನು ಕೇಬಲ್ ಸುತ್ತಿ ಪಕ್ಕಕ್ಕೆ ಇಟ್ಟೆ. ರೂಟ್ ಅಂದರೆ ಫೋನಿನ ಸಿಸ್ಟಂ ಮೇಲೆ ಪೂರ್ತಿ ಅಧಿಕಾರ ಪಡೆಯುವುದು. ಹತ್ತು ವರ್ಷದ ಹಿಂದೆ ಆಗಿದ್ದರೆ ಚಹಾ ಮುಗಿಯುವುದರೊಳಗೆ ಮಾಡಿ ಕೊಡುತ್ತಿದ್ದೆ. ಈಗ ಹಾಗಲ್ಲ. ಬೂಟ್‌ಲೋಡರ್ (ಫೋನಿನ ಸಾಫ್ಟ್‌ವೇರನ್ನು ಎಬ್ಬಿಸುವ, ಕಂಪನಿ ಬೀಗ ಹಾಕಿಟ್ಟ ಪ್ರೋಗ್ರಾಂ) ತೆರೆದರೆ ಸಿಗುವುದು ಆಗಿನಷ್ಟೇ, ಕಳೆದುಕೊಳ್ಳುವುದು ಮಾತ್ರ ಜಾಸ್ತಿಯಾಗಿದೆ. ಇನ್ನೊಂದು ಕಡೆ, ತೆರೆಯಲು ಬಿಡುತ್ತಿದ್ದ ಕಂಪನಿಗಳೇ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಈ ಎರಡರ ನಡುವೆ ಸಿಕ್ಕಿಬಿದ್ದಿರುವುದು ನಮ್ಮಂಥವರು. ನಾಲ್ಕು ವರ್ಷದ ಹಳೆಯ ಫೋನನ್ನು ಇನ್ನೂ ನಾಲ್ಕು ವರ್ಷ ಓಡಿಸಬೇಕು ಎನ್ನುವವರು.

ಅನ್‌ಲಾಕ್ ಬೇರೆ, ರೂಟ್ ಬೇರೆ

ಮೊದಲು ಈ ಗೊಂದಲ ಬಿಡಿಸಬೇಕು. ತುಂಬ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಚಿಪ್‌ನೊಳಗೇ ಬರೆದಿಟ್ಟ ಒಂದು ಪುಟ್ಟ ಪ್ರೋಗ್ರಾಂ. ಅದನ್ನು ಯಾರೂ ತಿದ್ದಲು ಆಗುವುದಿಲ್ಲ. ಅದು ಬೂಟ್‌ಲೋಡರ್‌ನ ಡಿಜಿಟಲ್ ಸಹಿ ನೋಡಿ, ಸರಿ ಇದ್ದರೆ ಮುಂದಕ್ಕೆ ಬಿಡುತ್ತದೆ. ಬೂಟ್‌ಲೋಡರ್ ಎದ್ದು, ಆಂಡ್ರಾಯ್ಡ್‌ನ ತಿರುಳಾದ ಕರ್ನಲ್ ಇರುವ ಬೂಟ್ ಇಮೇಜಿನ ಸಹಿ ನೋಡುತ್ತದೆ. ಆಮೇಲೆ ಸಿಸ್ಟಂ ಭಾಗದ ಸರದಿ. ಒಂದು ಕಡೆ ಸಹಿ ತಪ್ಪಿದರೂ ಫೋನು ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ವೆರಿಫೈಡ್ ಬೂಟ್ ಎನ್ನುತ್ತಾರೆ.

ನಮ್ಮ ಕಡೆಯವರಿಗೆ ಬ್ಯಾಂಕ್ ಲಾಕರ್ ಹೊಸದಲ್ಲ. ಒಂದು ಕೀ ನಮ್ಮ ಹತ್ತಿರ, ಇನ್ನೊಂದು ಬ್ಯಾಂಕಿನವರ ಹತ್ತಿರ. ಎರಡೂ ಹಾಕಿದರೇ ಬಾಗಿಲು ತೆರೆಯುವುದು. ಫೋನಿನಲ್ಲಿ ಎರಡು ಕೀಯೂ ಕಂಪನಿಯದೇ. ಬೂಟ್‌ಲೋಡರ್ ಅನ್‌ಲಾಕ್ ಮಾಡುವುದೆಂದರೆ, "ಸಹಿ ಯಾರದು ಅಂತ ನೋಡಬೇಡ, ನಾನು ಹಾಕಿದ್ದನ್ನು ಓಡಿಸು" ಎಂದು ಫೋನಿಗೆ ಹೇಳುವುದು. ಅಷ್ಟು ಮಾಡಿದರೆ ಕಂಪನಿಯದಲ್ಲದ ಆಂಡ್ರಾಯ್ಡ್ ಕೂಡ ಹಾಕಬಹುದು.

ರೂಟ್ ಎನ್ನುವುದು ಅದರ ನಂತರದ ಮಾತು. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಅದರದ್ದೇ ಕೋಣೆ. ಒಂದರ ಕೋಣೆಗೆ ಇನ್ನೊಂದು ಹೋಗುವ ಹಾಗಿಲ್ಲ. ರೂಟ್ ಅನುಮತಿ ಸಿಕ್ಕಿದ ಆ್ಯಪ್‌ಗೆ ಎಲ್ಲ ಕೋಣೆಯ ಬಾಗಿಲೂ ತೆರೆದಿರುತ್ತದೆ. ಅನ್‌ಲಾಕ್ ಮಾಡಿ, ರೂಟ್ ಮಾಡದೆಯೇ ಇರಬಹುದು. ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕುವವರಿಗೆ ಹೆಚ್ಚಾಗಿ ಅನ್‌ಲಾಕ್ ಒಂದೇ ಸಾಕು.

ರೂಟ್ ನಿಜವಾಗಿ ಬೇಕಾಗುವ ಕೆಲಸಗಳೂ ಇವೆ. ನಮ್ಮ ಊರಿನದೇ ಒಂದು ಉದಾಹರಣೆ ಹೇಳುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ (ಕಂಪ್ಯೂಟರ್, ಫೋನುಗಳು ಅಕ್ಷರ ಗುರುತಿಸುವ ಜಾಗತಿಕ ಪಟ್ಟಿ ಅದು) ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಆದರೆ ಹಳೆಯ ಫೋನಿನ ಫಾಂಟುಗಳಲ್ಲಿ ಆ ಅಕ್ಷರಗಳಿಲ್ಲ, ಖಾಲಿ ಚೌಕ ಕಾಣುತ್ತದೆ. ಎಲ್ಲ ಆ್ಯಪ್‌ನಲ್ಲೂ ಕಾಣುವಂತೆ ಆ ಫಾಂಟನ್ನು ಸಿಸ್ಟಂ ಫೋಲ್ಡರಿಗೆ ನಾವೇ ಹಾಕಬೇಕೆಂದರೆ ಸಾಮಾನ್ಯವಾಗಿ ರೂಟ್ ಬೇಕು. ನಮ್ಮ ಭಾಷೆಯ ಅಕ್ಷರವನ್ನು ನಾವೇ ದುಡ್ಡು ಕೊಟ್ಟು ತಂದ ಫೋನಿಗೆ ಹಾಕಲು ಇಷ್ಟು ಸುತ್ತಬೇಕು ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಬ್ಯಾಂಕುಗಳ ಊರಿನಲ್ಲಿ ಬ್ಯಾಂಕ್ ಆ್ಯಪ್ ಇಲ್ಲದಿದ್ದರೆ

ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ ಹುಟ್ಟಿದ್ದು 1906ರಲ್ಲಿ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಶುರುವಾಗಿದ್ದು 1928ರಲ್ಲಿ, ದಿನಕ್ಕೆ ಎರಡಾಣೆಯಿಂದ. ಆಗ ಪಿಗ್ಮಿಯವರು ಮನೆ ಬಾಗಿಲಿಗೆ ಬರುತ್ತಿದ್ದರು. ಈಗ ಮಲ್ಪೆಯಲ್ಲಿ ಮೀನು ಕೊಂಡರೂ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಂಡು ತಿರುಗುವ ಅಭ್ಯಾಸವೇ ಹೋಗಿದೆ. ಹಾಗಾಗಿ ರೂಟ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ತಂತ್ರಜ್ಞಾನದ್ದಲ್ಲ. ನಾಳೆ ಬೆಳಿಗ್ಗೆ ಹಣ ಕೊಡುವುದು ಹೇಗೆ ಎನ್ನುವುದು.

ರಿಸರ್ವ್ ಬ್ಯಾಂಕ್ 2021ರ ಫೆಬ್ರವರಿಯಲ್ಲಿ ಡಿಜಿಟಲ್ ಪಾವತಿಯ ಭದ್ರತೆ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. ಫೋನು ರೂಟ್ ಆಗಿದೆಯೇ ಎಂದು ಆ್ಯಪ್ ಪರೀಕ್ಷಿಸಿ, ಆಗಿದ್ದರೆ ಕೆಲಸ ಮಾಡದಂತೆ ತಡೆಯುವ ವ್ಯವಸ್ಥೆ ಸಾಧ್ಯವೇ ಎಂದು ಬ್ಯಾಂಕುಗಳು ನೋಡಬಹುದು ಎಂದು ಅದರಲ್ಲಿದೆ. ಹೆಚ್ಚಿನ ಬ್ಯಾಂಕುಗಳು ಈ ಪರೀಕ್ಷೆ ಅಳವಡಿಸಿಕೊಂಡಿವೆ. ಅದರ ಮೇಲೆ ಗೂಗಲ್‌ನ ಪ್ಲೇ ಇಂಟಿಗ್ರಿಟಿ ಎನ್ನುವ ವ್ಯವಸ್ಥೆ ಇದೆ. ಆ್ಯಪ್ ಕೇಳಿದಾಗ ಗೂಗಲ್ ಈ ಫೋನಿಗೆ ಒಂದು ದರ್ಜೆ ಕೊಡುತ್ತದೆ: ಬೇಸಿಕ್, ಡಿವೈಸ್, ಸ್ಟ್ರಾಂಗ್. ಬೂಟ್‌ಲೋಡರ್ ತೆರೆದ ಫೋನಿಗೆ ಡಿವೈಸ್, ಸ್ಟ್ರಾಂಗ್ ಎರಡೂ ಸಿಗುವುದಿಲ್ಲ.

ಮೊದಲೆಲ್ಲ ಇದನ್ನು ಮರೆಮಾಚುವುದು ಸುಲಭ ಇತ್ತು. ಮ್ಯಾಜಿಸ್ಕ್ ಎನ್ನುವ ರೂಟ್ ಸಾಧನದಲ್ಲೇ ಅಡಗಿಸುವ ಸೌಲಭ್ಯ ಇತ್ತು. ಅದನ್ನು ಬರೆದ ಜಾನ್ ವೂ 2021ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡ ಸೇರಿದ ಮೇಲೆ ಆ ಸೌಲಭ್ಯ ತೆಗೆದರು. ಬೇರೆಯವರು ಬೇರೆ ದಾರಿ ಕಂಡುಹಿಡಿದರು. 2025ರ ಮೇ ತಿಂಗಳಿಂದ ಅದೂ ಬಿಗಿಯಾಯಿತು. ಆಂಡ್ರಾಯ್ಡ್ 13 ಮತ್ತು ಅದರ ನಂತರದ ಫೋನುಗಳಲ್ಲಿ ಡಿವೈಸ್ ದರ್ಜೆಗೆ ಚಿಪ್‌ನೊಳಗಿನ ಭದ್ರತಾ ಭಾಗವೇ ಸಾಕ್ಷಿ ಹೇಳಬೇಕು. ಸ್ಟ್ರಾಂಗ್ ದರ್ಜೆಗೆ ಒಂದು ವರ್ಷದೊಳಗಿನ ಸೆಕ್ಯೂರಿಟಿ ಅಪ್‌ಡೇಟ್ ಕೂಡ ಇರಬೇಕು. ಇವತ್ತು ಯಾರೋ ಒಂದು ಉಪಾಯ ಕೊಟ್ಟು ಬ್ಯಾಂಕ್ ಆ್ಯಪ್ ಓಡಿಸಿದರೂ ಮುಂದಿನ ವಾರ ಅದು ನಿಲ್ಲಬಹುದು. ಬಸ್ಸಿನಲ್ಲಿ ಕಂಡಕ್ಟರ್ ಎದುರಿಗಿರುವಾಗಲೇ ಆ್ಯಪ್ ನಿಂತರೆ ಎಂತ ಮಾಡುವುದು?

ಇದರಲ್ಲಿ ನನಗೆ ನಿಜವಾಗಿ ಬೇಸರ ತರುವ ಒಂದು ಸಂಗತಿ ಇದೆ. ಅಮ್ಮನ ಫೋನು 2019ರಲ್ಲಿ ಕೊಂಡದ್ದು. 2021ರ ಕೊನೆಗೆ ಅಪ್‌ಡೇಟ್ ನಿಂತಿತು. ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿ ಮಾತ್ರ ಒಮ್ಮೆ ಬದಲಿಸಿದ್ದೇವೆ. ನಾನು ಅದರ ಬೂಟ್‌ಲೋಡರ್ ತೆರೆದು ಸ್ವಯಂಸೇವಕರು ಕಟ್ಟುವ ಲಿನಿಯೇಜ್ ಓಎಸ್ ಎಂಬ ಆಂಡ್ರಾಯ್ಡ್ ಹಾಕಿದೆ. ರೂಟ್ ಮಾಡಲಿಲ್ಲ. ಈಗ ಅದಕ್ಕೆ ಆಂಡ್ರಾಯ್ಡ್‌ನ ಸೆಕ್ಯೂರಿಟಿ ತಿದ್ದುಪಡಿಗಳು ಬರುತ್ತವೆ. ಅದೇ ಮಾದರಿಯ ಫೋನು ಪಕ್ಕದ ಮನೆಯವರ ಹತ್ತಿರವೂ ಇದೆ, ಕಂಪನಿ ಕೊಟ್ಟ ಹಾಗೆಯೇ. 2021ರ ನಂತರ ಅದಕ್ಕೆ ಒಂದು ತಿದ್ದುಪಡಿಯೂ ಬಂದಿಲ್ಲ. ಬ್ಯಾಂಕ್ ಆ್ಯಪ್ ಓಡುವುದು ಅದರಲ್ಲಿ. ಅಮ್ಮನದ್ದರಲ್ಲಿ ಓಡುವುದಿಲ್ಲ. ತಿಳಿದ ತೂತುಗಳೆಲ್ಲ ಹಾಗೇ ಇರುವ ಫೋನು ನಂಬಿಕಸ್ಥ, ತೂತು ಮುಚ್ಚಿದ ಫೋನು ಅನುಮಾನಾಸ್ಪದ. ಇಂಥ ಹಳೆಯ ಫೋನಿಗೆ ಕೇಳುವುದು ಒಂದೇ ಪ್ರಶ್ನೆ: ಬೀಗ ಕಂಪನಿಯದೇ ಇದೆಯೋ ಇಲ್ಲವೋ.

ಬ್ಯಾಂಕಿನವರ ಕಡೆಯ ಮಾತೂ ಸುಳ್ಳಲ್ಲ. ಬೂಟ್‌ಲೋಡರ್ ತೆರೆದ ಫೋನಿನೊಳಗೆ ಎಂತ ಓಡುತ್ತಿದೆ ಎಂದು ಆ್ಯಪ್‌ಗೆ ಖಾತ್ರಿ ಮಾಡಿಕೊಳ್ಳಲು ದಾರಿ ಇಲ್ಲ. ನೂರು ಜನರಲ್ಲಿ ತೊಂಬತ್ತು ಜನ ಒಳ್ಳೆಯ ಉದ್ದೇಶಕ್ಕೇ ಮಾಡಿದರೂ ಉಳಿದ ಹತ್ತು ಫೋನಿನಲ್ಲಿ ಹಣ ಹೋದರೆ ದೂರು ಬರುವುದು ಬ್ಯಾಂಕಿಗೆ. ಆದರೂ ಅಪ್‌ಡೇಟ್ ಎಷ್ಟು ಹಳೆಯದು ಎಂದು ನೋಡದೆ ಬೀಗ ಮಾತ್ರ ನೋಡುವುದು ಅರ್ಧ ಕೆಲಸ.

ಬಾಗಿಲು ಹಾಕುತ್ತಿರುವ ಕಂಪನಿಗಳು

ಹುವಾವೇ 2018ರಲ್ಲೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಅಸುಸ್ ತನ್ನ ಅನ್‌ಲಾಕ್ ಟೂಲನ್ನು 2023ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಸ್ಯಾಮ್‌ಸಂಗ್ ಫೋನುಗಳಲ್ಲಿ 2025ರ ಒನ್ ಯುಐ 8 ಎಂಬ ಸಾಫ್ಟ್‌ವೇರ್ ಆವೃತ್ತಿಯ ಜೊತೆ ಓಇಎಂ ಅನ್‌ಲಾಕ್ ಎಂಬ ಆಯ್ಕೆಯೇ ಮಾಯವಾಯಿತು. ಅದಕ್ಕೂ ಮೊದಲು ಸ್ಯಾಮ್‌ಸಂಗ್‌ನಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿದರೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಚಿಪ್‌ನೊಳಗೆ ಸುಟ್ಟುಹೋಗುತ್ತಿತ್ತು. ಸುಟ್ಟದ್ದು ಮತ್ತೆ ಸರಿಯಾಗುವುದಿಲ್ಲ. ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್‌ನ ಪಾವತಿ ಆ್ಯಪ್ ಆ ಫೋನಿನ ಮಟ್ಟಿಗೆ ಶಾಶ್ವತವಾಗಿ ಹೋದ ಹಾಗೆ.

ಶವೋಮಿಯಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ, ಸಾಲು ನಿಲ್ಲಬೇಕು. ಹೈಪರ್ ಓಎಸ್ ಎಂಬ ಸಾಫ್ಟ್‌ವೇರ್ ಬಂದ ಮೇಲೆ ಅವರ ಕಮ್ಯುನಿಟಿ ಆ್ಯಪ್‌ನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಸಿಕ್ಕಿದ ಮೇಲೂ ಕೆಲವು ದಿನ ಕಾಯಬೇಕು. ದಿನಕ್ಕೆ ಇಷ್ಟೇ ಎಂಬ ಕೋಟಾ ಇದೆ. ಅದು ಹೊಸದಾಗುವುದು ಬೀಜಿಂಗಿನ ಮಧ್ಯರಾತ್ರಿ, ಅಂದರೆ ನಮ್ಮಲ್ಲಿ ರಾತ್ರಿ 9:30. ಊಟದ ತಟ್ಟೆ ಬದಿಗಿಟ್ಟು ಸೆಕೆಂಡ್ ಮುಳ್ಳು ನೋಡುತ್ತ ಕೂರುವ ಹುಡುಗರು ಎಷ್ಟೋ ಜನ. ಗೂಗಲ್ ಪಿಕ್ಸೆಲ್, ನಥಿಂಗ್, ಫೇರ್‌ಫೋನ್ ಇಂಥವುಗಳಲ್ಲಿ ಇನ್ನೂ ದಾರಿ ಇದೆ. ಮೋಟೊರೋಲಾ ಕೆಲವು ಮಾದರಿಗಳಿಗೆ ಕೋಡ್ ಕೊಡುತ್ತದೆ.

ನನ್ನ ಅಭಿಪ್ರಾಯ ಸರಳ. ಅಪ್‌ಡೇಟ್ ಕೊಡುವಷ್ಟು ಕಾಲ ಬೀಗ ಕಂಪನಿಯ ಹತ್ತಿರ ಇರಲಿ, ತೊಂದರೆ ಇಲ್ಲ. ಅಪ್‌ಡೇಟ್ ನಿಲ್ಲಿಸಿದ ದಿನ ಕೀ ನಮಗೆ ಕೊಡಬೇಕು. ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24ರಿಂದ ಈಚೆಗೆ ಆ ಕಂಪನಿಗಳ ದುಬಾರಿ ಫೋನುಗಳಿಗೆ 7 ವರ್ಷ ಅಪ್‌ಡೇಟ್ ಸಿಗುತ್ತದೆ. ಹತ್ತು ಹನ್ನೆರಡು ಸಾವಿರದ ಫೋನಿಗೆ ಅಷ್ಟು ಆಯುಷ್ಯ ಇಲ್ಲ. ಬೀಗದ ಕೀ ಹೆಚ್ಚು ಬೇಕಾಗಿರುವುದು ಅದನ್ನು ಕೊಂಡವರಿಗೇ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೆ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು ಎನ್ನುತ್ತದೆ ಅದು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಮೊಬೈಲೂ ಒಂದು. ಅಲ್ಲಿನ ಚರ್ಚೆ ಬಿಡಿಭಾಗ, ಕೈಪಿಡಿ, ಸರ್ವಿಸ್ ಇವುಗಳ ಸುತ್ತ ಇದೆ. ಬೀಗದ ವಿಷಯವೂ ಅದಕ್ಕೆ ಸೇರಬೇಕು.

2021ರ ಜುಲೈ

ಈಗ ನನಗೆ ಆದ ಒಂದು ನಷ್ಟದ ವಿಷಯ. ಬ್ರಹ್ಮಾವರದ ಹಳೆ ಮನೆ, ಜೋರು ಮಳೆ. ನಾನು ಒಂದು ಫೋನಿಗೆ ಪೂರ್ತಿ ಫರ್ಮ್‌ವೇರ್ ಫ್ಲ್ಯಾಷ್ ಮಾಡುತ್ತಿದ್ದೆ, ಅಂದರೆ ಒಳಗಿನ ಸಾಫ್ಟ್‌ವೇರನ್ನೆಲ್ಲ ಕಂಪ್ಯೂಟರಿನಿಂದ ಹೊಸದಾಗಿ ಬರೆಯುತ್ತಿದ್ದೆ. ಕಂಪ್ಯೂಟರ್ ಡೆಸ್ಕ್‌ಟಾಪ್, ಯುಪಿಎಸ್ ಇರಲಿಲ್ಲ. ಅರ್ಧದಲ್ಲಿ ಕರೆಂಟ್ ಹೋಯಿತು. ಮತ್ತೆ ಬಂದಾಗ ಫೋನು ಯಾವ ಬಟನ್‌ಗೂ ಅಲುಗಾಡಲಿಲ್ಲ.

ಮಂಗಳೂರಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಹಿಂದಿನ ಕವಚ ಬಿಚ್ಚಿದ. ಬೋರ್ಡಿನ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಎರಡು ಚಿನ್ನದ ಬಣ್ಣದ ಚುಕ್ಕೆಗಳಿದ್ದವು. ಚಿಮಟದ ಎರಡು ತುದಿಯನ್ನು ಅವುಗಳ ಮೇಲೆ ಇಟ್ಟು, ಉಸಿರು ಬಿಗಿ ಹಿಡಿದು, ಇನ್ನೊಂದು ಕೈಯಲ್ಲಿ ಕೇಬಲ್ ಚುಚ್ಚಿದ. ಲ್ಯಾಪ್‌ಟಾಪ್ ಟಿಣ್ ಎಂದಿತು. ಪರದೆಯಲ್ಲಿ 9008 ಎಂಬ ಪೋರ್ಟ್ ಕಾಣಿಸಿತು. ಕ್ವಾಲ್ಕಾಂ ಚಿಪ್ಪಿನ ತುರ್ತು ಬಾಗಿಲು ಅದು. ಅಲ್ಲಿಂದ ಫೋನು ಎದ್ದಿತು. ಆದರೆ ಎಲ್ಲವನ್ನೂ ಅಳಿಸಿ ಬರೆದದ್ದರಿಂದ ನೆಟ್‌ವರ್ಕ್ ನೋಡಿಕೊಳ್ಳುವ ಮೋಡೆಮಿನ ಸಣ್ಣ ಭಾಗವೂ ಹೋಗಿತ್ತು. ಫೋನಿನ ಗುರುತಿನ ಸಂಖ್ಯೆ ಐಎಂಇಐ ಇರುವುದು ಅಲ್ಲಿ. ಸಿಮ್ ಹಾಕಿದರೆ ನೆಟ್‌ವರ್ಕ್ ಇಲ್ಲ.

"ಬೇರೊಂದು ಫೋನಿನ ನಂಬರ್ ಬರೆದು ಕೊಡ್ತೇನೆ, ಎಂತ ಆಗುವುದಿಲ್ಲ" ಎಂದ. ನಾನು ಬೇಡ ಎಂದೆ. ಐಎಂಇಐ ತಿದ್ದುವುದು 2017ರ ನಿಯಮದಿಂದಲೇ ಅಪರಾಧ. ಈಗ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ನಂಬರ್ ನಮ್ಮ ಫೋನಿಗೆ ಬಂದರೆ, ಅವರು ಮಾಡಿದ್ದಕ್ಕೆಲ್ಲ ನಮ್ಮ ಮನೆಗೆ ಪೊಲೀಸರು ಬರಬಹುದು. ಅಂಗಡಿಯವರು ಸುಲಭವಾಗಿ ಹೇಳುತ್ತಾರೆ ಎಂದು ಒಪ್ಪಬೇಡಿ, ಮಾರಾಯ್ರೇ. ಆ ಫೋನು ಈಗಲೂ ನನ್ನ ಹತ್ತಿರ ಇದೆ, ವೈಫೈಗೆ ಮಾತ್ರ.

ಮಾಡುವುದೇ ಆದರೆ

ಎರಡನೇ ಫೋನಿನಲ್ಲಿ ಮಾಡಿ. ಬ್ಯಾಂಕಿಗೆ ಜೋಡಿಸಿದ ಸಿಮ್ ಇರುವ ಫೋನು ಮುಟ್ಟಬೇಡಿ. ಇಷ್ಟು ಪಾಲಿಸಿದರೆ ಉಳಿದ ಹೆಚ್ಚಿನ ತಪ್ಪುಗಳಿಗೆ ಪರಿಹಾರ ಇದೆ.

ಅನ್‌ಲಾಕ್ ಮಾಡಿದ ಕ್ಷಣ ಫೋನಿನೊಳಗಿನದ್ದೆಲ್ಲ ಅಳಿಯುತ್ತದೆ. ಫೋಟೋ, ವಾಟ್ಸ್‌ಆ್ಯಪ್, ಎಲ್ಲ. ಅದು ಬೇಕೆಂದೇ ಇಟ್ಟ ವ್ಯವಸ್ಥೆ. ಇಲ್ಲದಿದ್ದರೆ ಕದ್ದವನು ಬೀಗ ತೆಗೆದು ನಮ್ಮ ಫೋಟೋ ನೋಡುತ್ತಿದ್ದ. ಹಾಗಾಗಿ ಫೋಟೋಗಳನ್ನು ಇನ್ನೊಂದು ಕಡೆ ನಕಲು ಮಾಡಿ. ನಕಲು ಮಾಡಿದ ಮೇಲೆ ಅಲ್ಲಿ ತೆರೆದು ನೋಡಿ. ಫೋಲ್ಡರ್ ಹೆಸರು ಮಾತ್ರ ಇದ್ದು ಒಳಗೆ ಖಾಲಿ ಇರುವುದು ಎಷ್ಟೋ ಸಲ ಆಗುತ್ತದೆ.

ಮಳೆಗಾಲದಲ್ಲಿ ಲ್ಯಾಪ್‌ಟಾಪೇ ಬಳಸಿ, ಚಾರ್ಜ್ ತುಂಬಿರಲಿ. ಫೋನಿನಲ್ಲೂ ಅರ್ಧಕ್ಕಿಂತ ಜಾಸ್ತಿ ಇರಲಿ. ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್ ಬೇಡ, ಡೇಟಾ ಹೋಗುವ ಗಟ್ಟಿ ಕೇಬಲ್ ಬೇಕು. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ, ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಅನ್ನು ಅವರ ತಾಣದಿಂದಲೇ ಇಳಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ಬರುತ್ತವೆ. ಅಲ್ಲಿ ಓಇಎಂ ಅನ್‌ಲಾಕಿಂಗ್, ಯುಎಸ್‌ಬಿ ಡೀಬಗ್ಗಿಂಗ್ ಎರಡನ್ನೂ ಆನ್ ಮಾಡಬೇಕು. ಆಮೇಲೆ ಫೋನನ್ನು ಫಾಸ್ಟ್‌ಬೂಟ್‌ಗೆ (ಬೂಟ್‌ಲೋಡರ್ ಆಜ್ಞೆಗೆ ಕಾಯುವ ಸ್ಥಿತಿಗೆ) ತಂದು, ಫಾಸ್ಟ್‌ಬೂಟ್ ಫ್ಲ್ಯಾಷಿಂಗ್ ಅನ್‌ಲಾಕ್ ಎಂಬ ಆಜ್ಞೆ ಕೊಡಬೇಕು. ಫೋನು ಕೊನೆಯ ಸಲ ಕೇಳುತ್ತದೆ. ವಾಲ್ಯೂಮ್ ಬಟನ್‌ನಿಂದ ಹೌದು ಎಂದು ಆರಿಸಿ ಪವರ್ ಒತ್ತಿದರೆ ಆಯಿತು. ಇನ್ನು ಮುಂದೆ ಆನ್ ಮಾಡಿದಾಗಲೆಲ್ಲ ಒಂದು ಎಚ್ಚರಿಕೆ ಬರುತ್ತದೆ. ಆಂಡ್ರಾಯ್ಡ್‌ನ ಭಾಷೆಯಲ್ಲಿ ಅದು ಕಿತ್ತಳೆ ಸ್ಥಿತಿ. ಹೆದರಬೇಡಿ. ಕೆಂಪು ಬಂದರೆ ಮಾತ್ರ ಸಾಫ್ಟ್‌ವೇರ್ ಕೆಟ್ಟಿದೆ ಎಂದರ್ಥ.

ರೂಟ್ ಬೇಕೇ ಬೇಕು ಎಂದಾದರೆ, ನಿಮ್ಮ ಫೋನಿನಲ್ಲಿ ಈಗ ಇರುವ ಬಿಲ್ಡ್ ನಂಬರಿನದ್ದೇ ಫರ್ಮ್‌ವೇರ್ ಹುಡುಕಿ. ಹತ್ತಿರದ್ದು ಸಾಕಾಗುವುದಿಲ್ಲ, ಒಂದು ಅಂಕೆಯೂ ತಪ್ಪಬಾರದು. ಅದರಿಂದ ಬೂಟ್ ಇಮೇಜ್ ತೆಗೆಯಿರಿ. ಆಂಡ್ರಾಯ್ಡ್ 13 ಅಥವಾ ಹೊಸದರ ಜೊತೆಗೇ ಮಾರುಕಟ್ಟೆಗೆ ಬಂದ ಫೋನಾದರೆ ಅದರ ಹೆಸರು ಇನಿಟ್ ಬೂಟ್ ಇಮೇಜ್. ಅದನ್ನು ಫೋನಿಗೆ ಹಾಕಿ ಮ್ಯಾಜಿಸ್ಕ್ ಆ್ಯಪ್‌ನಿಂದ ಪ್ಯಾಚ್ ಮಾಡಿ (ರೂಟ್ ಸೇರಿಸಿ ತಿದ್ದಿ), ಲ್ಯಾಪ್‌ಟಾಪಿಗೆ ತಂದು ಫ್ಲ್ಯಾಷ್ ಮಾಡಬೇಕು. ಮೂಲ ಇಮೇಜನ್ನು ಎರಡು ಕಡೆ ಜೋಪಾನ ಮಾಡಿ. ಫೋನು ಲೋಗೋದಲ್ಲೇ ಸುತ್ತುತ್ತ ನಿಂತರೆ, ಹೆಚ್ಚಾಗಿ ಅದನ್ನು ವಾಪಸ್ ಹಾಕಿದರೆ ಏಳುತ್ತದೆ. ಮ್ಯಾಜಿಸ್ಕ್ ಸಿಗುವುದು ಗಿಟ್‌ಹಬ್‌ನಲ್ಲಿ ಮಾತ್ರ. ಅದೇ ಹೆಸರಿನ ಬೇರೆ ತಾಣಗಳಿವೆ, ಹತ್ತಿರ ಹೋಗಬೇಡಿ. ರೂಟ್ ಆದ ಮೇಲೆ ಮೊದಲ ಕೆಲಸ ಮೋಡೆಮಿನ, ಐಎಂಇಐನ ಭಾಗಗಳ ಬ್ಯಾಕಪ್. ನಾನು ಆಗ ಮಾಡದೇ ಬಿಟ್ಟದ್ದು ಅದನ್ನೇ.

ಇನ್ನೊಂದು ದೊಡ್ಡ ತಪ್ಪು, ಬ್ಯಾಂಕ್ ಆ್ಯಪ್ ಓಡಲಿ ಎಂದು ರೂಟ್ ಇರುವಾಗಲೇ ಬೂಟ್‌ಲೋಡರ್ ಮತ್ತೆ ಲಾಕ್ ಮಾಡುವುದು. ಸಹಿ ತಪ್ಪಿದ ಇಮೇಜು ಒಳಗೇ ಇರುತ್ತದೆ, ಬೀಗ ಬೀಳುತ್ತದೆ, ಫೋನು ಏಳುವುದಿಲ್ಲ. ಮೊದಲು ಕಂಪನಿಯ ಪೂರ್ತಿ ಫರ್ಮ್‌ವೇರ್ ಹಾಕಿ, ಒಮ್ಮೆ ಆನ್ ಮಾಡಿ ನೋಡಿ, ಆಮೇಲೆ ಲಾಕ್. ಲಾಕ್ ಮಾಡುವಾಗಲೂ ಎಲ್ಲ ಅಳಿಯುತ್ತದೆ.

ರೂಟ್ ಅನುಮತಿ ಕೇಳುವ ಪುಟ್ಟ ಕಿಟಕಿ ಬಂದಾಗ ಸುಮ್ನೆ ಒತ್ತಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಹಾಕುವ ಫೈಲ್) ಬರುವ ಕಾಲ ಇದು. ಮಾಮೂಲಿ ಫೋನಿನಲ್ಲಿ ಅಂಥದ್ದು ಒಟಿಪಿ ಕದಿಯಲು ನಿಮ್ಮಿಂದ ನಾಲ್ಕು ಅನುಮತಿ ಕೇಳಬೇಕು. ರೂಟ್ ಫೋನಿನಲ್ಲಿ ಒಂದೇ ಒಪ್ಪಿಗೆ ಸಾಕು.

ಅಕ್ಕನ ಮಗನ ಫೋನಿಗೆ ಇದ್ಯಾವುದೂ ಬೇಕಾಗಲಿಲ್ಲ. ಬೂಟ್‌ಲೋಡರ್ ಮುಟ್ಟದೆಯೇ, ಅದೇ ಪ್ಲಾಟ್‌ಫಾರ್ಮ್ ಟೂಲ್ಸ್‌ನ ಎಡಿಬಿ ಎಂಬ ಸಾಧನದಿಂದ ಬೇಡದ ಆ್ಯಪ್‌ಗಳನ್ನು ಅವನ ಖಾತೆಯ ಮಟ್ಟಿಗೆ ತೆಗೆದೆವು. ಒಂದೊಂದರ ಹೆಸರು ಓದಿ, ಅದು ಎಂತದ್ದು ಎಂದು ಗೊತ್ತಾದರೆ ಮಾತ್ರ. ಫ್ಯಾಕ್ಟರಿ ರಿಸೆಟ್ ಮಾಡಿದರೆ ಅವು ವಾಪಸ್ ಬರುತ್ತವೆ, ಹಾಗಾಗಿ ಅಪಾಯ ಕಡಿಮೆ. ಜಾಹೀರಾತಿಗೆ ಪ್ರೈವೇಟ್ ಡಿಎನ್‌ಎಸ್ (ತಾಣಗಳ ವಿಳಾಸ ಹುಡುಕಿಕೊಡುವ ಸೇವೆಯನ್ನು ನಾವೇ ಆರಿಸುವ ಸೆಟ್ಟಿಂಗ್) ಇದೆ, ಆಂಡ್ರಾಯ್ಡ್ 9ರಿಂದಲೇ. ಅಲ್ಲಿ ಜಾಹೀರಾತು ತಡೆಯುವ ಅಡ್‌ಗಾರ್ಡ್‌ನ ವಿಳಾಸ ಬರೆದೆವು. ಯೂಟ್ಯೂಬಿನ ಜಾಹೀರಾತು ಅದರಿಂದ ಹೋಗುವುದಿಲ್ಲ, ಉಳಿದವು ಬಹಳಷ್ಟು ಹೋದವು. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ಯುಪಿಐ ತೆರೆದು ನನಗೆ ಒಂದು ರೂಪಾಯಿ ಕಳಿಸಿದ. ಬಂತು.

"ಆದ್ರೂ ಒಮ್ಮೆ ಕೈಯಾರೆ ಮಾಡಿ ನೋಡ್ಬೇಕಿತ್ತು ಮಾವ" ಎಂದ.

ಕಪಾಟಿನಿಂದ 2021ರ ಆ ಫೋನು ತೆಗೆದು ಕೊಟ್ಟೆ. ರಾತ್ರಿ ಊಟ ಆದ ಮೇಲೆ ಅವನೇ ಕೂತ. ಆಜ್ಞೆಗಳನ್ನು ಅವನೇ ಟೈಪ್ ಮಾಡಿದ, ನಾನು ಪಕ್ಕದಲ್ಲಿ ಬಿಲ್ಡ್ ನಂಬರ್ ಓದಿ ಹೇಳಿದೆ. ಲಿನಿಯೇಜ್ ಫೋನಿಗೆ ಹೋಗುತ್ತಿರುವಾಗ ಗಾಳಿ ಬೀಸಿತು, ಕರೆಂಟ್ ಹೋಯಿತು. ಲ್ಯಾಪ್‌ಟಾಪಿನಲ್ಲಿ ಶೇಕಡಾ 82 ಚಾರ್ಜ್ ಇತ್ತು. ಅಮ್ಮ ಒಳಗಿನಿಂದ ಮೇಣದಬತ್ತಿ ತಂದರು. ಅವನು ಕೇಬಲ್ ಅಲುಗಾಡದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು, ಪರದೆಯ ಬಿಳಿ ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಕೂತ.